ಸಂಧಿಯಾದಲ್ಲಿ ಏನಾಗುತ್ತದೆ?

ಹನ್ನೊಂದನೆಯ ಶತಮಾನದಲ್ಲಿ, ಕಲ್ಯಾಣದ ಚಾಲುಕ್ಯ ದೊರೆ ಜಗದೇಕಮಲ್ಲ ಜಯಸಿಂಹನ ಆಸ್ಥಾನದಲ್ಲಿ ದುರ್ಗಸಿಂಹ ಎಂಬ ಅಧಿಕಾರಿಯಿದ್ದ. ವಸುಭಾಗಭಟ್ಟನ ಪರಂಪರೆಯ ಕಥೆಗಳನ್ನು ಹಿಡಿದು 1031ರ ಸುಮಾರಿಗೆ ಕನ್ನಡಕ್ಕೆ ಪಂಚತಂತ್ರವನ್ನು ಕೊಟ್ಟವನು ಇವನೇ. ಅರಮನೆಯಲ್ಲಿ ಅವನ ಹುದ್ದೆಯ ಹೆಸರು ಸಂಧಿವಿಗ್ರಹಿ. ಯಾವ ರಾಜನ ಜೊತೆ ಕೂಡಬೇಕು, ಯಾರ ಮೇಲೆ ದಂಡೆತ್ತಬೇಕು ಎಂಬ ವಿಚಾರಗಳನ್ನು ನೋಡಿಕೊಳ್ಳುವವನು. ಅವನಿಗಿಂತ ಬಹಳ ಹಿಂದೆ, ನಾಲ್ಕನೆಯ ಶತಮಾನದಲ್ಲಿ, ಸಮುದ್ರಗುಪ್ತನ ಪ್ರಯಾಗ ಪ್ರಶಸ್ತಿಯನ್ನು ರಚಿಸಿದ ಹರಿಷೇಣನೂ ಇದೇ ಹುದ್ದೆಯವನು. ಚಾಲುಕ್ಯರ, ಹೊಯ್ಸಳರ ಶಾಸನಗಳನ್ನು ತೆರೆದರೆ ಸಂಧಿವಿಗ್ರಹಿ, ಮಹಾಸಂಧಿವಿಗ್ರಹಿ ಎಂಬ ಬಿರುದುಗಳು ಮತ್ತೆ ಮತ್ತೆ ಎದುರಾಗುತ್ತವೆ.

ಆ ಹುದ್ದೆಯ ಹೆಸರಿನಲ್ಲಿ ಎರಡು ಮಾತುಗಳಿವೆ: ಸಂಧಿ ಮತ್ತು ವಿಗ್ರಹ. ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ಈ ಎರಡು ಮಾತುಗಳು ಹೊಸವಲ್ಲ. ‘ಸಂಧಿ ಬಿಡಿಸಿ ಹೆಸರಿಸಿ’, ‘ವಿಗ್ರಹವಾಕ್ಯ ಬರೆಯಿರಿ’ ಎಂದು ಪ್ರಶ್ನೆಪತ್ರಿಕೆಗಳು ಕೇಳುತ್ತಲೇ ಬಂದಿವೆ. ರಾಜನೀತಿಯಲ್ಲಿ ಸಂಧಿಯೆಂದರೆ ಕೂಡಿಕೊಳ್ಳುವುದು, ವಿಗ್ರಹವೆಂದರೆ ಕಾದುವುದು. ವ್ಯಾಕರಣದಲ್ಲಿ ಸಂಧಿಯೆಂದರೆ ಅಕ್ಷರಗಳು ಕೂಡುವುದು, ವಿಗ್ರಹವೆಂದರೆ ಕೂಡಿದ ಪದಗಳನ್ನು ಬೇರೆಬೇರೆಯಾಗಿ ಹಿಡಿದು ತೋರಿಸುವುದು. ಸೈನ್ಯಗಳ ವಿಚಾರಕ್ಕೂ ಸ್ವರವ್ಯಂಜನಗಳ ವಿಚಾರಕ್ಕೂ ನಮ್ಮ ಹಿರಿಯರು ಒಂದೇ ಜೋಡಿ ಮಾತುಗಳನ್ನು ಆರಿಸಿಕೊಂಡರು. ಇದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ವೈದ್ಯರು, ಜೋಯಿಸರು, ಬಡಗಿಗಳು, ನಾಟಕಕಾರರು, ಕವಿಗಳು, ಗಾಯಕರು ಎಲ್ಲರೂ ಈ ಸಂಧಿಯನ್ನು ತಮ್ಮ ತಮ್ಮ ಕೆಲಸಕ್ಕೆ ಕರೆದುಕೊಂಡು ಹೋಗಿದ್ದಾರೆ. ಇವತ್ತು ಆ ಮಾತನ್ನು ಹಿಂಬಾಲಿಸಿ ಹೋಗೋಣ.

ಹೊರಡುವುದು ವ್ಯಾಕರಣದಿಂದಲೇ ಆಗಲಿ. ‘ಸಂ’ ಎಂದರೆ ಒಟ್ಟಿಗೆ, ‘ಧಾ’ ಎಂದರೆ ಇಡು. ಒಟ್ಟಿಗೆ ಇಡುವುದು ಸಂಧಿ. ಪಾಣಿನಿ ಈ ವಿಷಯಕ್ಕೆ ಸಂಹಿತಾ ಎಂಬ ಹೆಸರನ್ನು ಬಳಸುತ್ತಾನೆ. ಅವನು ಕೊಡುವ ಅರ್ಥ ಬಹಳ ಸರಳ: ಅಕ್ಷರಗಳು ಒಂದಕ್ಕೊಂದು ಅತ್ಯಂತ ಸಮೀಪಕ್ಕೆ ಬರುವುದೇ ಸಂಹಿತೆ. ಅಂದರೆ ಸಂಧಿಗೆ ಬೇಕಾದದ್ದು ಸಾಮೀಪ್ಯ. ನಡುವೆ ಉಸಿರು ನಿಂತರೆ ಸಂಧಿಯಿಲ್ಲ. ಋಗ್ವೇದವನ್ನು ಎರಡು ರೀತಿಯಲ್ಲಿ ಓದುವ ಪದ್ಧತಿ ಹುಟ್ಟಿದ್ದು ಇದರಿಂದಲೇ. ಪದಗಳು ಒಂದರೊಳಗೊಂದು ಸೇರಿ ಹರಿಯುವಂತೆ ಓದುವುದು ಸಂಹಿತಾಪಾಠ. ಒಂದೊಂದು ಪದವನ್ನೂ ಬಿಡಿಸಿ, ನಿಲ್ಲಿಸಿ ಓದುವುದು ಪದಪಾಠ. ಶಾಕಲ್ಯನೆಂಬ ವಿದ್ವಾಂಸ ಸಿದ್ಧಪಡಿಸಿದ ಆ ಪದಪಾಠವನ್ನು ಜಗತ್ತಿನ ಅತಿ ಹಳೆಯ ಪದವಿಂಗಡಣೆಯ ಕೆಲಸಗಳಲ್ಲಿ ಒಂದೆಂದು ಎಣಿಸಬೇಕು.

ವೈಯಾಕರಣರು ಇನ್ನೊಂದು ಮಾತನ್ನು ಹೇಳಿದ್ದಾರೆ. ನನಗೆ ಅದು ಬಹಳ ಹಿಡಿಸುತ್ತದೆ. ಒಂದೇ ಪದದ ಒಳಗೆ ಸಂಧಿ ಆಗಲೇಬೇಕು. ಧಾತುವಿಗೂ ಉಪಸರ್ಗಕ್ಕೂ ನಡುವೆ ಆಗಲೇಬೇಕು. ಸಮಾಸದಲ್ಲಿಯೂ ಆಗಲೇಬೇಕು. ಆದರೆ ವಾಕ್ಯದಲ್ಲಿ, ಒಂದು ಪದಕ್ಕೂ ಮುಂದಿನ ಪದಕ್ಕೂ ನಡುವೆ, ಸಂಧಿ ಮಾಡುವುದೂ ಬಿಡುವುದೂ ಮಾತಾಡುವವನ ಇಷ್ಟ. ನಿಯಮಗಳ ಕಟ್ಟುನಿಟ್ಟಿಗೆ ಹೆಸರಾದ ಶಾಸ್ತ್ರ ಈ ಒಂದು ಕಡೆಯಲ್ಲಿ ಮಾತುಗಾರನಿಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟಿದೆ. ಆಕಾಶವಾಣಿಯಲ್ಲಿ ವಾರ್ತೆ ಓದುವವರು ಎಲ್ಲಿ ಪದಗಳನ್ನು ಕೂಡಿಸಿಕೊಂಡು ಓದುತ್ತಾರೆ, ಎಲ್ಲಿ ಬಿಡಿಸಿ ಓದುತ್ತಾರೆ ಎಂದು ನಾಳೆ ಬೆಳಿಗ್ಗೆ ಕಿವಿಗೊಟ್ಟು ಕೇಳಿ. ಆ ಇಷ್ಟವನ್ನು ಅವರು ಚಲಾಯಿಸುತ್ತಿರುವುದು ತಿಳಿಯುತ್ತದೆ. ಕಾಗದದ ಮೇಲೆ ನಾವು ಸಂಧಿಯನ್ನು ಕಣ್ಣಿನಿಂದ ನೋಡುತ್ತೇವೆ, ನಿಜ. ಅದು ಹುಟ್ಟಿದ್ದು ಮಾತ್ರ ಬಾಯಲ್ಲಿ, ಬೆಳೆದದ್ದು ಕಿವಿಯಲ್ಲಿ.

ಕನ್ನಡದಲ್ಲಿ ಈ ಶಾಸ್ತ್ರವನ್ನು ಕಟ್ಟಿಕೊಟ್ಟ ಹಿರಿಯ ಕೇಶಿರಾಜ. ಹದಿಮೂರನೆಯ ಶತಮಾನದ ಅವನ ಶಬ್ದಮಣಿದರ್ಪಣದಲ್ಲಿ ಎಂಟು ಪ್ರಕರಣಗಳು. ಮೊದಲನೆಯದೇ ಸಂಧಿಪ್ರಕರಣ. ಕನ್ನಡದ್ದೇ ಆದ ಸಂಧಿಗಳು ಮೂರು ಎಂದು ನಾವೆಲ್ಲ ಕಲಿತಿದ್ದೇವೆ: ಲೋಪ, ಆಗಮ, ಆದೇಶ. ಈ ಮೂರನ್ನು ಬರಿಯ ಪರೀಕ್ಷೆಯ ಉತ್ತರವಾಗಿ ನೋಡದೆ, ಎರಡು ವಸ್ತುಗಳು ಸೇರುವಾಗ ಏನೇನು ಆಗಬಹುದು ಎಂಬ ಪ್ರಶ್ನೆಗೆ ಉತ್ತರವಾಗಿ ನೋಡಿ. ‘ಊರು’ ಮತ್ತು ‘ಊರು’ ಸೇರಿ ‘ಊರೂರು’ ಆಗುವಾಗ, ‘ಮಾತು’ ಮತ್ತು ‘ಇಲ್ಲ’ ಸೇರಿ ‘ಮಾತಿಲ್ಲ’ ಆಗುವಾಗ, ಮೊದಲನೆಯದು ತನ್ನ ಕೊನೆಯ ಸ್ವರವನ್ನು ಬಿಟ್ಟುಕೊಡುತ್ತದೆ. ಅದು ಲೋಪ. ‘ಮನೆ’ಗೆ ‘ಅನ್ನು’ ಸೇರಿ ‘ಮನೆಯನ್ನು’ ಆಗುವಾಗ, ‘ಗುರು’ವಿಗೆ ‘ಅನ್ನು’ ಸೇರಿ ‘ಗುರುವನ್ನು’ ಆಗುವಾಗ, ಯಾರೂ ಏನನ್ನೂ ಬಿಟ್ಟುಕೊಡುವುದಿಲ್ಲ. ಎರಡು ಸ್ವರಗಳು ಎದುರುಬದುರಾಗಿ ನಿಂತದ್ದರಿಂದ ನಡುವೆ ಮೂರನೆಯದೊಂದು ಅಕ್ಷರ ಬಂದು ನಿಲ್ಲುತ್ತದೆ. ಯಕಾರವೋ ವಕಾರವೋ ಬರುತ್ತದೆ. ಅದು ಆಗಮ. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ ಆಗುವಾಗ, ‘ಬೆಟ್ಟ’ ಮತ್ತು ‘ತಾವರೆ’ ಸೇರಿ ‘ಬೆಟ್ಟದಾವರೆ’ ಆಗುವಾಗ, ಬಂದು ಸೇರಿದ ಪದವೇ ತನ್ನ ಮೊದಲ ಅಕ್ಷರವನ್ನು ಮೆತ್ತಗೆ ಮಾಡಿಕೊಳ್ಳುತ್ತದೆ. ಅದು ಆದೇಶ. ಯಾವುದೋ ಒಂದು ಹೋಗಬೇಕು, ಇಲ್ಲವೇ ಹೊಸತೊಂದು ಬರಬೇಕು, ಇಲ್ಲವೇ ಇದ್ದದ್ದು ಬದಲಾಗಬೇಕು. ಏನೂ ಆಗದೆ ಕೂಡುವುದು ಅಪರೂಪ.

ಅಪರೂಪವೇ ಹೊರತು ಇಲ್ಲವೆಂದಲ್ಲ. ಪ್ರಕೃತಿಭಾವ ಎಂಬುದೊಂದಿದೆ. ಎಲ್ಲ ಅನುಕೂಲಗಳಿದ್ದರೂ ಸಂಧಿಯಾಗದೆ, ಪದಗಳು ತಮ್ಮ ಸಹಜಸ್ಥಿತಿಯಲ್ಲೇ ಉಳಿಯುವುದು. ಅದು ಆಗುವ ಜಾಗಗಳನ್ನು ನೋಡಿ. ‘ಅಣ್ಣಾ, ಓಡಿ ಬಾ’ ಎಂದು ಕೂಗುವಾಗ ‘ಅಣ್ಣಾ’ದ ಆಕಾರ ‘ಓ’ಕಾರದ ಜೊತೆ ಕೂಡುವುದಿಲ್ಲ. ‘ಅಬ್ಬಾ, ಎಷ್ಟು ಎತ್ತರ!’ ಎಂದು ಬೆರಗುಪಡುವಾಗ ಕೂಡುವುದಿಲ್ಲ. ‘ಆ ಊರು’, ‘ಈ ಊರು’ ಎಂದು ಕೈತೋರಿಸಿ ಹೇಳುವಾಗಲೂ ಕೂಡುವುದಿಲ್ಲ. ದೂರದಲ್ಲಿರುವವರನ್ನು ಕರೆಯುವ ದನಿಯನ್ನು, ಬಾಯಿಂದ ತಾನಾಗಿ ಹೊರಟ ಉದ್ಗಾರವನ್ನು, ಬೊಟ್ಟುಮಾಡಿ ತೋರಿಸುವ ಒಂಟಿ ಅಕ್ಷರವನ್ನು ವ್ಯಾಕರಣ ಮುಟ್ಟದೆ ಬಿಟ್ಟಿದೆ. ನಮ್ಮ ವೈಯಾಕರಣರು ಮನುಷ್ಯರ ಮಾತನ್ನು ಎಷ್ಟು ಪ್ರೀತಿಯಿಂದ ಕೇಳಿಸಿಕೊಂಡಿದ್ದರು ಎನ್ನುವುದಕ್ಕೆ ಈ ಒಂದು ಸೂತ್ರ ನನಗೆ ಸಾಕು.

ಇನ್ನು ರಾಜನೀತಿಗೆ ಬರೋಣ. ಕೌಟಿಲ್ಯನ ಅರ್ಥಶಾಸ್ತ್ರದ ಏಳನೆಯ ಅಧಿಕರಣದ ವಿಷಯ ಷಾಡ್ಗುಣ್ಯ. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ, ಹೀಗೆ ನೆರೆರಾಜ್ಯಗಳೊಡನೆ ನಡೆದುಕೊಳ್ಳುವ ಆರು ಬಗೆಗಳು. ಸಂಧಿಯೇ ಮೊದಲನೆಯದು. ಪಣ ಕಟ್ಟಿ, ಅಂದರೆ ಕರಾರು ಮಾಡಿಕೊಂಡು ಕೂಡುವುದು ಸಂಧಿ. ಸಂಧಿಯಿಂದಲೂ ಯುದ್ಧದಿಂದಲೂ ಸಮನಾದ ಲಾಭ ಕಂಡರೆ ಸಂಧಿಯನ್ನೇ ಹಿಡಿಯಬೇಕೆಂದು ಅವನ ಮತ. ಯುದ್ಧದಲ್ಲಿ ಜನಕ್ಷಯವಿದೆ, ಹಣದ ವೆಚ್ಚವಿದೆ, ಮನೆಮಠ ಬಿಟ್ಟು ದೂರ ಹೋಗುವ ಕಷ್ಟವಿದೆ. ಕಟುವಾದ ಲೆಕ್ಕಾಚಾರಕ್ಕೆ ಹೆಸರಾದ ಕೌಟಿಲ್ಯನ ಈ ಮಾತು ಹೆಚ್ಚು ಜನರ ಗಮನಕ್ಕೆ ಬಂದಿಲ್ಲ.

ಅದೇ ಅಧಿಕರಣದಲ್ಲಿ ಮುಂದೆ ಒಂದು ವಾಗ್ವಾದ ಬರುತ್ತದೆ. ಮಾತು ಕೊಟ್ಟು, ಆಣೆಯಿಟ್ಟು ಮಾಡಿಕೊಂಡ ಸಂಧಿ ಗಟ್ಟಿಯೋ, ಜಾಮೀನು ಪಡೆದು, ಮನುಷ್ಯರನ್ನು ಒತ್ತೆಯಿಟ್ಟುಕೊಂಡು ಮಾಡಿದ ಸಂಧಿ ಗಟ್ಟಿಯೋ? ಒತ್ತೆಯ ಸಂಧಿಯೇ ಗಟ್ಟಿ ಎಂದು ಹಿಂದಿನ ಆಚಾರ್ಯರು ಹೇಳಿದ್ದರು. ಕೌಟಿಲ್ಯ ಒಪ್ಪುವುದಿಲ್ಲ. ಕೊಟ್ಟ ಮಾತಿನ ಸಂಧಿ ಇಹದಲ್ಲೂ ಪರದಲ್ಲೂ ಸ್ಥಿರ, ಒತ್ತೆಯ ಸಂಧಿ ಬಲಾಬಲವನ್ನು ನೆಚ್ಚಿಕೊಂಡು ಇಹದಲ್ಲಷ್ಟೇ ನಿಲ್ಲುವಂಥದ್ದು ಎಂಬುದು ಅವನ ನಿಲುವು. ಇದನ್ನು ಓದಿದಾಗ ನನಗೆ 1792ರ ಶ್ರೀರಂಗಪಟ್ಟಣ ನೆನಪಾಗುತ್ತದೆ. ಮೂರನೆಯ ಮೈಸೂರು ಯುದ್ಧದ ಕೊನೆಗೆ ಟಿಪ್ಪು ಸುಲ್ತಾನ್ ಇಂಗ್ಲಿಷರು, ಮರಾಠರು, ನಿಜಾಮರೊಡನೆ ಒಪ್ಪಂದ ಮಾಡಿಕೊಂಡ. ಅರ್ಧ ರಾಜ್ಯ ಹೋಯಿತು. ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೊಡಬೇಕಾಯಿತು. ಹಣ ತೀರುವವರೆಗೆ ಅವನ ಇಬ್ಬರು ಚಿಕ್ಕ ಮಕ್ಕಳು ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನ ವಶದಲ್ಲಿ ಒತ್ತೆಯಾದರು. 1794ರಲ್ಲಿ ಮಕ್ಕಳು ತಂದೆಯ ಬಳಿಗೆ ಮರಳಿದರು. 1799ರ ಮೇ 4ರಂದು ಅದೇ ಕೋಟೆ ಬಿತ್ತು, ತಂದೆ ಮಡಿದ. ಒತ್ತೆಯಿಟ್ಟುಕೊಂಡ ಆ ಸಂಧಿ ಏಳು ವರ್ಷ ಬಾಳಿತು. ಒಂದು ಕಡೆಯವರೇ ಎಲ್ಲವನ್ನೂ ಬಿಟ್ಟುಕೊಟ್ಟು ಇನ್ನೊಂದು ಕಡೆಯವರು ಏನನ್ನೂ ಬಿಡದಿದ್ದ ಕೂಡಿಕೆ ಅದು.

ಇದೇ ಧಾತುವಿನಿಂದ ಬಂದ ಸಂಧಾನ ಎಂಬ ಮಾತನ್ನೂ ಇಲ್ಲಿ ನೆನೆಯಬೇಕು. ಮಹಾಭಾರತದ ಉದ್ಯೋಗಪರ್ವದಲ್ಲಿ ಕೃಷ್ಣ ಹಸ್ತಿನಾವತಿಗೆ ಹೋದದ್ದು ಸಂಧಾನಕ್ಕೆ. ಯುದ್ಧ ಶುರುವಾದ ಮೇಲೆ ವೀರರು ಹೆದೆಗೆ ಬಾಣ ಹೂಡುವುದೂ ಸಂಧಾನವೇ, ಶರಸಂಧಾನ. ವೈದ್ಯರು ಮುರಿದ ಎಲುಬನ್ನು ಕೂಡಿಸುವುದು ಭಗ್ನಸಂಧಾನ. ಅರಿಷ್ಟ, ಆಸವಗಳನ್ನು ಹುಳಿಹಿಡಿಸಿ ತಯಾರಿಸುವ ವಿಧಾನಕ್ಕೂ ಆಯುರ್ವೇದದಲ್ಲಿ ಸಂಧಾನವೆಂದೇ ಹೆಸರು.

ಎಲುಬಿನ ಮಾತು ಬಂತು. ಸಂಧಿಯನ್ನು ಎಣಿಸಿ, ಬಿಡಿಸಿ, ಹೆಸರಿಟ್ಟು ನೋಡುವುದರಲ್ಲಿ ವೈಯಾಕರಣರಿಗೆ ಸರಿಸಾಟಿಯಾಗಿ ನಿಂತವನು ಸುಶ್ರುತ. ಅವನ ಸಂಹಿತೆಯ ಶಾರೀರಸ್ಥಾನದ ಐದನೆಯ ಅಧ್ಯಾಯದ ಹೆಸರು ಶರೀರಸಂಖ್ಯಾವ್ಯಾಕರಣ. ಹೌದು, ದೇಹವನ್ನು ಬಿಡಿಸಿ ತೋರಿಸುವುದಕ್ಕೂ ಅಲ್ಲಿ ವ್ಯಾಕರಣವೆಂದೇ ಹೆಸರು. ದೇಹದಲ್ಲಿ 210 ಸಂಧಿಗಳು ಎನ್ನುತ್ತಾನೆ ಸುಶ್ರುತ. ಕೈಕಾಲುಗಳಲ್ಲಿ 68, ನಡುದೇಹದಲ್ಲಿ 59, ಕತ್ತು ಮತ್ತು ಅದಕ್ಕೆ ಮೇಲೆ 83. ಇದು ಎಲುಬುಗಳ ಸಂಧಿಯ ಲೆಕ್ಕ ಮಾತ್ರ. ಮಾಂಸಖಂಡ, ನರ, ನಾಳಗಳ ಸಂಧಿಗಳಿಗೆ ಲೆಕ್ಕವೇ ಇಲ್ಲವೆಂದೂ ಸೇರಿಸುತ್ತಾನೆ. ಈ ಸಂಧಿಗಳಲ್ಲಿ ಅಲುಗಾಡುವವು ಒಂದು ಬಗೆ, ಸ್ಥಿರವಾದವು ಇನ್ನೊಂದು ಬಗೆ. ಕೈಕಾಲು, ದವಡೆ, ಸೊಂಟಗಳವು ಅಲುಗಾಡುತ್ತವೆ, ಉಳಿದವು ಸ್ಥಿರ. ಆಕಾರ ನೋಡಿ ಎಂಟು ಹೆಸರುಗಳನ್ನೂ ಕೊಟ್ಟಿದ್ದಾನೆ. ಕಂಕುಳು, ತೊಡೆಸಂದುಗಳಲ್ಲಿ ಇರುವುದು ಉಲೂಖಲ, ಅಂದರೆ ಒರಳು. ತಲೆಬುರುಡೆಯ ಎಲುಬುಗಳು ಕೂಡುವುದು ತುನ್ನಸೇವನೀ, ಬಟ್ಟೆಯ ಹೊಲಿಗೆ. ದವಡೆಯದು ವಾಯಸತುಂಡ, ಕಾಗೆಯ ಕೊಕ್ಕು. ಇವತ್ತಿನ ಅಂಗರಚನಾಶಾಸ್ತ್ರ ಓದುವ ವಿದ್ಯಾರ್ಥಿ ಭುಜದ ಕೀಲನ್ನು ಗುಂಡು ಮತ್ತು ಗುಣಿಯ ಕೀಲು ಎಂದು ಕಲಿಯುತ್ತಾನೆ. ಸುಶ್ರುತನ ಕಣ್ಣು ಅದನ್ನೇ ಕಂಡಿತ್ತು.

ಈ ಸಂಧಿಗಳು ಸಲೀಸಾಗಿ ಆಡುವುದು ಹೇಗೆ? ಎಣ್ಣೆ ಸವರಿದ ಅಚ್ಚಿನ ಮೇಲೆ ಗಾಲಿ ತಿರುಗುವ ಹಾಗೆ, ಕಫದ ಜಿಗುಟಿನಿಂದ ಸಂಧಿಗಳು ಆಡುತ್ತವೆ ಎಂದು ಅವನು ವಿವರಿಸುತ್ತಾನೆ. ಕೀಲಿನೊಳಗಿನ ಆ ದ್ರವಕ್ಕೆ ನಂತರದ ವೈದ್ಯರು ಶ್ಲೇಷಕ ಕಫ ಎಂದರು. ಎರಡು ಎಲುಬುಗಳ ನಡುವೆ ಎಲುಬಲ್ಲದ ಮೂರನೆಯದೊಂದು ಬಂದು ನಿಂತದ್ದರಿಂದ ಮೊಣಕಾಲು ಮಡಚುತ್ತದೆ. ‘ಮನೆಯನ್ನು’ ಎನ್ನುವಾಗ ಬಂದ ಯಕಾರ ಮಾಡುವ ಕೆಲಸವೂ ಇದೇ ಅಲ್ಲವೇ? ಆ ದ್ರವ ಬತ್ತಿ, ವಾತ ಕೆರಳಿ ಸಂಧಿ ನೋಯುವುದು ಸಂಧಿಗತವಾತ. ನಮ್ಮ ಮನೆಗಳಲ್ಲಿ ಅಜ್ಜಿಯರು ‘ಸಂದು ಸಂದೂ ನೋಯ್ತದಪ್ಪಾ’ ಎನ್ನುವುದು ಅದನ್ನೇ. ಎಲುಬು ತನ್ನ ಜಾಗ ಬಿಟ್ಟು ಜಾರಿದರೆ ಅದು ಸಂಧಿಮುಕ್ತ. ಸುಶ್ರುತ ಇದರಲ್ಲಿ ಆರು ಬಗೆಗಳನ್ನು ಹೇಳುತ್ತಾನೆ. ದೇಹದ 107 ಮರ್ಮಸ್ಥಾನಗಳಲ್ಲಿ 20 ಸಂಧಿಮರ್ಮಗಳು. ಕಣ್ಣಿನಲ್ಲೂ ಆರು ಸಂಧಿಗಳನ್ನು ಅವನು ಗುರುತಿಸಿದ್ದಾನೆ, ಬಿಳಿಗುಡ್ಡೆ ಮುಗಿದು ಕರಿಗುಡ್ಡೆ ಶುರುವಾಗುವ ಗೆರೆಯೂ ಒಂದು ಸಂಧಿ. ಅಂಚುಗಳಲ್ಲಿಯೇ ರೋಗಗಳು ಹೆಚ್ಚು ಹುಟ್ಟುತ್ತವೆಂದು ಬಲ್ಲ ವೈದ್ಯ ಅಂಚುಗಳನ್ನು ಬಿಡದೆ ಎಣಿಸಿದ.

ವಾಗ್ಭಟನ ಅಷ್ಟಾಂಗಹೃದಯ ಈ ತಿಳಿವಳಿಕೆಯನ್ನು ಕಾಲಕ್ಕೂ ಅನ್ವಯಿಸಿತು. ಒಂದು ಋತುವಿನ ಕೊನೆಯ ಏಳು ದಿನ, ಮುಂದಿನ ಋತುವಿನ ಮೊದಲ ಏಳು ದಿನ, ಒಟ್ಟು ಹದಿನಾಲ್ಕು ದಿನ ಋತುಸಂಧಿ. ಹಿಂದಿನ ಋತುವಿನ ಊಟ ಉಡುಗೆ ರೂಢಿಗಳನ್ನು ಈ ದಿನಗಳಲ್ಲಿ ಒಮ್ಮೆಗೇ ಬಿಡಬಾರದು, ಮುಂದಿನ ಋತುವಿನವನ್ನು ಒಮ್ಮೆಗೇ ಹಿಡಿಯಲೂಬಾರದು. ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ ಸ್ವಲ್ಪ ಸ್ವಲ್ಪವಾಗಿ ಹಿಡಿಯಬೇಕು. ಹಾಗೆ ಮಾಡದಿದ್ದರೆ ರೋಗ ಬರುತ್ತದೆ. ಬೇಸಿಗೆ ಮುಗಿದು ಮುಂಗಾರು ಹಿಡಿಯುವ ದಿನಗಳಲ್ಲಿ ನಮ್ಮ ಊರೂರಿನ ದವಾಖಾನೆಗಳ ಮುಂದೆ ನೆಗಡಿ ಜ್ವರದವರ ಸಾಲು ಬೆಳೆಯುವುದನ್ನು ಕಂಡವರಿಗೆ ಈ ಬುದ್ಧಿವಾದದ ಬೆಲೆ ತಿಳಿದೀತು.

ಕಾಲದ ಸಂಧಿಗಳನ್ನು ಜ್ಯೋತಿಷಿಗಳು ಇನ್ನೂ ದೊಡ್ಡ ಅಳತೆಯಲ್ಲಿ ಹಿಡಿದರು. ಸೂರ್ಯಸಿದ್ಧಾಂತದ ಒಂದು ಲೆಕ್ಕ ನನಗೆ ಸದಾ ಬೆರಗು ಹುಟ್ಟಿಸುತ್ತದೆ. ಒಂದು ಕಲ್ಪಕ್ಕೆ 1000 ಮಹಾಯುಗಗಳು. ಆ ಕಲ್ಪದಲ್ಲಿ 14 ಮನುಗಳ ಆಳ್ವಿಕೆ, ಒಬ್ಬೊಬ್ಬ ಮನುವಿಗೆ 71 ಮಹಾಯುಗ. ಗುಣಿಸಿದರೆ 994. ಆರು ಕಡಿಮೆ. ಆ ಆರು ಎಲ್ಲಿ ಹೋದವು? ಅವು ಸಂಧಿಗಳಲ್ಲಿವೆ. ಕಲ್ಪದ ಆರಂಭದಲ್ಲಿ ಒಂದು, ಪ್ರತಿ ಮನುವಿನ ಕಾಲ ಮುಗಿದಾಗ ಒಂದೊಂದು, ಹೀಗೆ 15 ಸಂಧಿಗಳು. ಒಂದೊಂದು ಸಂಧಿಯೂ ಒಂದು ಕೃತಯುಗದಷ್ಟು ದೀರ್ಘ, ಅಂದರೆ 17,28,000 ವರ್ಷ. ಹದಿನೈದನ್ನೂ ಕೂಡಿಸಿದರೆ ಸರಿಯಾಗಿ ಆರು ಮಹಾಯುಗ. ಹೀಗೆ ಸಾವಿರ ತುಂಬುತ್ತದೆ. ಇಬ್ಬರು ಮನುಗಳ ನಡುವಣ ಕಾಲ ಇಬ್ಬರಿಗೂ ಸೇರದು. ಆದರೆ ಅದನ್ನು ಎಣಿಸದಿದ್ದರೆ ಲೆಕ್ಕವೇ ಕೂಡುವುದಿಲ್ಲ.

ಇಷ್ಟು ದೂರ ಹೋಗದೆ ನಮ್ಮ ದಿನದಲ್ಲೇ ನೋಡಿದರೆ ಹಗಲೂ ಇರುಳೂ ಕೂಡುವ ಹೊತ್ತು ಸಂಧ್ಯೆ. ಕನ್ನಡದ ಬಾಯಲ್ಲಿ ಅದು ಸಂಜೆಯಾಯಿತು. ಸಂಜೆಯೆನ್ನುವಾಗ ನಾವು ಸಂಧಿಯ ನೆಂಟರನ್ನೇ ಕರೆಯುತ್ತಿದ್ದೇವೆ. ಕರಾವಳಿಯ ದೇವಸ್ಥಾನಗಳಲ್ಲಿ, ಮಲೆನಾಡಿನ ಮನೆಗಳಲ್ಲಿ ಮಾಡಿಸುವ ಕುಜರಾಹುಸಂಧಿ ಶಾಂತಿ, ರಾಹುಬೃಹಸ್ಪತಿಸಂಧಿ ಶಾಂತಿಗಳೂ ಒಂದು ಗ್ರಹದ ದಶೆ ಮುಗಿದು ಇನ್ನೊಂದರದು ತೊಡಗುವ ಹೊತ್ತಿನವು. ಬಾಲ್ಯ ಮುಗಿದು ಯೌವನ ಕಾಲಿಡುವ ವಯಸ್ಸನ್ನು ಕವಿಗಳು ವಯಸ್ಸಂಧಿ ಎಂದರು.

ಹಿಂದುಸ್ತಾನಿ ಸಂಗೀತದಲ್ಲಿ ಸಂಧಿಪ್ರಕಾಶ ರಾಗಗಳೆಂದು ಒಂದು ಗುಂಪೇ ಇದೆ. ವಿಷ್ಣು ನಾರಾಯಣ ಭಾತಖಂಡೆಯವರು ರಾಗಗಳ ಸಮಯವನ್ನು ವಿಂಗಡಿಸಿದಾಗ ಬೆಳಗಿನ ಮತ್ತು ಸಂಜೆಯ ಸಂಧಿಗಳಿಗೆ ಹೊಂದುವ ರಾಗಗಳನ್ನು ಒಟ್ಟಿಗೆ ತಂದರು. ಬೆಳಗಿಗೆ ಭೈರವ, ಕಾಲಿಂಗಡಾ, ಸಂಜೆಗೆ ಮಾರವಾ, ಪೂರ್ವಿ, ಪೂರಿಯಾ. ಇವುಗಳಲ್ಲಿ ರಿಷಭ ಕೋಮಲ. ಹಾಗಾದರೆ ಬೆಳಗೂ ಸಂಜೆಯೂ ಒಂದೇ ಆಯಿತಲ್ಲ, ಬೇರೆ ಮಾಡುವುದು ಯಾವುದು? ಮಧ್ಯಮ ಸ್ವರ. ಭೈರವದ ಶುದ್ಧ ಮಧ್ಯಮ ಬೆಳಗನ್ನು ಹೇಳುತ್ತದೆ, ಮಾರವಾದ ತೀವ್ರ ಮಧ್ಯಮ ಸಂಜೆಯನ್ನು ಹೇಳುತ್ತದೆ. ದಾರಿ ತೋರುವ ಸ್ವರವೆಂದು ಅದಕ್ಕೆ ಅಧ್ವದರ್ಶಕ ಎಂದೇ ಹೆಸರು. ಧಾರವಾಡ, ಹುಬ್ಬಳ್ಳಿ ಕಡೆಯ ಕೇಳುಗರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಪೀಳಿಗೆಗಳಿಂದ ಆ ಸೀಮೆಯ ಗಾಯಕರು ಈ ರಾಗಗಳಲ್ಲಿ ಸಂಜೆಗಳನ್ನು ಕಟ್ಟಿಕೊಟ್ಟಿದ್ದಾರೆ.

ಸಂಧಿಗೆ ಕನ್ನಡದಲ್ಲಿ ಇನ್ನೊಂದು ರೂಪವಿದೆ. ಮಹಾಪ್ರಾಣ ಇಳಿದು ಸಂದಿ ಆಯಿತು. ಬಾಗಿಲ ಸಂದಿ, ಹಲ್ಲಿನ ಸಂದಿ, ಬೆರಳ ಸಂದಿ. ಬೆಂಗಳೂರಿನ ಚಿಕ್ಕಪೇಟೆಯ ಸಂದಿಗೊಂದಿಗಳು. ಕೂಡಿಕೆಯನ್ನು ಹೇಳುವ ಮಾತು ಇಲ್ಲಿ ಬಿರುಕನ್ನು, ಎಡೆಯನ್ನು ಹೇಳುತ್ತಿದೆ. ಅರ್ಥ ತಲೆಕೆಳಗಾಯಿತೇ? ಇಲ್ಲ. ಎರಡು ಬಾಗಿಲುಗಳು ಕೂಡುವ ಗೆರೆಯಲ್ಲೇ ಬೆಳಕು ಒಳಗೆ ನುಸುಳುವುದು. ಎರಡು ಮನೆಗಳ ಗೋಡೆಗಳು ಅಕ್ಕಪಕ್ಕಕ್ಕೆ ಬಂದಲ್ಲೇ ಸಂದಿ ಉಂಟಾಗುವುದು. ಸಂಸ್ಕೃತದಲ್ಲೂ ಸಂಧಿಗೆ ಈ ಅರ್ಥವಿದೆ. ಶೂದ್ರಕನ ಮೃಚ್ಛಕಟಿಕದ ಮೂರನೆಯ ಅಂಕದಲ್ಲಿ ಶರ್ವಿಲಕ ರಾತ್ರಿ ಚಾರುದತ್ತನ ಮನೆಗೆ ಕನ್ನ ಕೊರೆಯುತ್ತಾನೆ. ಗೋಡೆಯ ಆ ಕನ್ನಕ್ಕೆ ನಾಟಕ ಬಳಸುವ ಮಾತು ಸಂಧಿ. ಅರಳಿದ ತಾವರೆ, ಸೂರ್ಯ, ಬಾಲಚಂದ್ರ, ಬಾವಿ, ಸ್ವಸ್ತಿಕ, ಪೂರ್ಣಕುಂಭ ಮುಂತಾಗಿ ಏಳು ಆಕಾರಗಳಲ್ಲಿ ಯಾವುದು ಇಲ್ಲಿಗೆ ಒಪ್ಪೀತು ಎಂದು ಯೋಚಿಸಿ ಅವನು ಪೂರ್ಣಕುಂಭವನ್ನು ಆರಿಸುತ್ತಾನೆ. ಅಳತೆಯ ದಾರ ಮರೆತು ಬಂದದ್ದರಿಂದ ಜನಿವಾರದಲ್ಲೇ ಅಳೆಯುತ್ತಾನೆ. ಮನೆಯೊಡೆಯ ಎಚ್ಚೆತ್ತು ಕನ್ನವನ್ನು ನೋಡಿದಾಗ ಮೊದಲು ಅದರ ಅಂದವನ್ನೇ ಮೆಚ್ಚುತ್ತಾನೆ. ಶೂದ್ರಕನ ಮನಸ್ಸಿನ ವೈಶಾಲ್ಯ ಇಂಥ ಕಡೆ ಕಾಣುತ್ತದೆ.

ನಾಟಕದ ಮಾತಿನ ನಡುವೆಯೇ ಭರತನನ್ನು ನೆನೆಯೋಣ. ನಾಟ್ಯಶಾಸ್ತ್ರದಲ್ಲಿ ಕಥೆಯ ಮೈಕಟ್ಟಿಗೆ ಐದು ಸಂಧಿಗಳು: ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ಬೀಜ ಬೀಳುವುದು, ಮೊಳೆಯುವುದು, ಒಳಗೇ ಅಡಗಿ ಬೆಳೆಯುವುದು, ವಿಘ್ನಕ್ಕೆ ಸಿಕ್ಕುವುದು, ಫಲ ಕೊಡುವುದು. ಇವುಗಳಿಗೆ 64 ಅಂಗಗಳು. ಆಲಂಕಾರಿಕರು ಇದಕ್ಕೆ ಮತ್ತೆ ಮತ್ತೆ ಉದಾಹರಣೆ ತೆಗೆಯುವುದು ಹರ್ಷನ ರತ್ನಾವಳಿಯಿಂದ. ಕನ್ನಡದಲ್ಲಿ ನಮಗೆ ಉಳಿದು ಬಂದ ಮೊದಲ ನಾಟಕ, ಚಿಕ್ಕದೇವರಾಜ ಒಡೆಯರ ಕಾಲದ ಸಿಂಗರಾರ್ಯನ ಮಿತ್ರವಿಂದಾ ಗೋವಿಂದ, ಅದೇ ರತ್ನಾವಳಿಯನ್ನು ಅನುಸರಿಸಿದ್ದು. ಇನ್ನು ಬಡಗಿಗಳ ಸಂಧಿ. ಶಿಲ್ಪಶಾಸ್ತ್ರದ ಮಯಮತ, ಮಾನಸಾರಗಳಲ್ಲಿ ಸಂಧಿಕರ್ಮವೆಂಬ ಅಧ್ಯಾಯಗಳಿವೆ. ಮರಕ್ಕೆ ಮರ ಕೂಡಿಸುವ ಬಡಗಿಯ ವಿದ್ಯೆ ಅದು. ಒಂದರ ತುದಿಯನ್ನು ಕಡಿದು ಇನ್ನೊಂದರಲ್ಲಿ ತೂತು ಕೊರೆದು ಕೂರಿಸುವುದು. ಇಲ್ಲಿಯೂ ಏನನ್ನೋ ಕಳೆದ ಮೇಲೆಯೇ ಕೂಡಿಕೆ.

ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಕಾವ್ಯದ ಸಂಧಿಯಲ್ಲಿ. ಪಂಪನ ವಿಕ್ರಮಾರ್ಜುನವಿಜಯದಲ್ಲಿ 14 ಆಶ್ವಾಸಗಳು. ಆಶ್ವಾಸವೆಂದರೆ ಉಸಿರು ತೆಗೆದುಕೊಳ್ಳುವ ಜಾಗ, ಬಿಡುವು. ಚಂಪೂಕವಿಗಳು ತಮ್ಮ ಕಾವ್ಯವನ್ನು ಬಿಡುವುಗಳಿಂದ ವಿಂಗಡಿಸಿದರು. ಷಟ್ಪದಿಯ ಕಾಲಕ್ಕೆ ಬಂದರೆ ಕುಮಾರವ್ಯಾಸನಲ್ಲಿ ಸಂಧಿಗಳು, ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ 34 ಸಂಧಿಗಳು. ಬಿಡುವಿನ ಹೆಸರು ಹೋಗಿ ಕೂಡಿಕೆಯ ಹೆಸರು ಬಂತು. ಅಧ್ಯಾಯವನ್ನು ಸಂಧಿಯೆಂದು ಕರೆಯುವ ಪದ್ಧತಿ ಅಪಭ್ರಂಶದ ಜೈನಕಾವ್ಯಗಳಲ್ಲಿ ಇನ್ನೂ ಹಿಂದೆಯೇ ಇತ್ತು. ಸ್ವಯಂಭುವಿನ ಪಉಮಚರಿಉ ಕಾವ್ಯದಲ್ಲಿ 90 ಸಂಧಿಗಳಿವೆ. ಪುಷ್ಪದಂತನ ಮಹಾಪುರಾಣದಲ್ಲಿ 102. ಈ ಪುಷ್ಪದಂತ ತನ್ನ ಮಹಾಕಾವ್ಯವನ್ನು 965ರಲ್ಲಿ ಮುಗಿಸಿದ್ದು ಮಾನ್ಯಖೇಟದಲ್ಲಿ, ರಾಷ್ಟ್ರಕೂಟರ ರಾಜಧಾನಿಯಲ್ಲಿ. ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ ಅದು. ಆ ಕಾಲದಲ್ಲೇ ಕನ್ನಡದ ಪೊನ್ನನೂ ರಾಷ್ಟ್ರಕೂಟ ಮೂರನೆಯ ಕೃಷ್ಣನಿಂದ ಮನ್ನಣೆ ಪಡೆದವನು. ಒಂದೇ ಸೀಮೆಯಲ್ಲಿ ಒಬ್ಬ ಆಶ್ವಾಸಗಳಲ್ಲಿ ಬರೆಯುತ್ತಿದ್ದ, ಇನ್ನೊಬ್ಬ ಸಂಧಿಗಳಲ್ಲಿ. ಈ ನಂಟನ್ನು ನಮ್ಮ ಸಾಹಿತ್ಯಚರಿತ್ರೆ ಇನ್ನಷ್ಟು ಹತ್ತಿರದಿಂದ ನೋಡಬೇಕೆಂದು ನನ್ನ ಆಸೆ.

ಕುಮಾರವ್ಯಾಸನ ಗ್ರಂಥದ ಕಟ್ಟಡವನ್ನು ಇನ್ನೊಮ್ಮೆ ನೋಡಿ. ಮೇಲೆ ಹತ್ತು ಪರ್ವಗಳು, ಪರ್ವಗಳೊಳಗೆ ಸಂಧಿಗಳು. ಪರ್ವವೆಂದರೆ ಏನು? ಬಿದಿರಿನ, ಕಬ್ಬಿನ ಗಿಣ್ಣು. ಬೆರಳಿನ ಗೆಣ್ಣಿಗೂ ಅದೇ ಮಾತು. ಹುಣ್ಣಿಮೆ ಅಮಾವಾಸ್ಯೆಗಳೂ ಪರ್ವಗಳೇ, ಪಕ್ಷಗಳು ಕೂಡುವ ದಿನಗಳು. ಹಾಗಾದರೆ ಪರ್ವವೂ ಕೂಡಿಕೆ, ಸಂಧಿಯೂ ಕೂಡಿಕೆ. ಅಷ್ಟು ದೊಡ್ಡ ಕಥೆಯನ್ನು ಭಾಗಮಾಡುವ ಎರಡು ಹೆಸರುಗಳಲ್ಲಿ ಒಂದೂ ತುಂಡು ಎಂಬ ಅರ್ಥದ್ದಲ್ಲ. ಪ್ರತಿ ಸಂಧಿಯ ತಲೆಯಲ್ಲಿ ಸೂಚನೆಯೆಂಬ ಒಂದು ಪದ್ಯವಿರುತ್ತದೆ. ಮುಂದೆ ಬರುವ ಕಥೆಯ ತಿರುಳನ್ನು ಹೇಳುವ ಪದ್ಯ. ಗಮಕಿಗಳು ನಿನ್ನೆ ನಿಲ್ಲಿಸಿದ ಜಾಗದಿಂದ ಇವತ್ತು ಎತ್ತಿಕೊಳ್ಳುವಾಗ ಆ ಸೂಚನೆಯಿಂದಲೇ ಶುರು. ನಿನ್ನೆ ಕೇಳಿದವರಿಗೂ ಇವತ್ತು ಹೊಸದಾಗಿ ಬಂದು ಕೂತವರಿಗೂ ಕಥೆ ಅಲ್ಲಿ ಕೂಡಿಕೊಳ್ಳುತ್ತದೆ. ಓದುವ ಕಾವ್ಯಕ್ಕೆ ಇದು ಅಷ್ಟು ಬೇಕಿಲ್ಲ, ಹಾಡಿ ಕೇಳಿಸುವ ಕಾವ್ಯಕ್ಕೆ ಇಲ್ಲದೆ ಆಗದು. ಜಗನ್ನಾಥದಾಸರ ಹರಿಕಥಾಮೃತಸಾರದ 32 ಸಂಧಿಗಳಿಗೆ ಒಂದೊಂದಕ್ಕೂ ಹೆಸರಿದೆ. ಕರುಣಾಸಂಧಿ, ವ್ಯಾಪ್ತಿಸಂಧಿ, ಭೋಜನಸಂಧಿ. ‘ಇವತ್ತು ಕರುಣಾಸಂಧಿ ಹೇಳೋಣ’ ಎಂದು ಭಜನಾಮಂಡಳಿಯ ಹೆಂಗಸರು ಶುರುಮಾಡುವುದನ್ನು ನೀವು ಕೇಳಿರಬಹುದು. ಕರುಣೆಯೊಡನೆ ಸಂಧಿ ಎಂಬ ಅರ್ಥವೂ ಅಲ್ಲಿ ಕಿವಿಗೆ ಬೀಳುತ್ತದೆ.

ಕೊನೆಯದಾಗಿ, ಈ ಮಾತು ದೇಶ ದಾಟಿದ ಸಂಗತಿ. ಪಾಣಿನಿಯನ್ನು ಆಳವಾಗಿ ಓದಿ ಗೌರವಿಸಿದ ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಬ್ಲೂಮ್‌ಫೀಲ್ಡ್ 1933ರಲ್ಲಿ ಪ್ರಕಟಿಸಿದ ತನ್ನ ಹೆಸರಾಂತ ಗ್ರಂಥದಲ್ಲಿ ಸಂಧಿ ಎಂಬ ಮಾತನ್ನು ಹಾಗೆಯೇ ಬಳಸಿದ. ಈಗ ಅದು ಜಗತ್ತಿನ ಎಲ್ಲ ಭಾಷೆಗಳ ಅಧ್ಯಯನಕ್ಕೂ ಸೇರಿದ ಪಾರಿಭಾಷಿಕ ಪದ. ಚೀನೀ ಭಾಷೆಯಲ್ಲಿ ಪದದ ಅರ್ಥ ದನಿಯ ಏರಿಳಿತವನ್ನು ನೆಚ್ಚಿದೆ. ಮೂರನೆಯ ಬಗೆಯ ಏರಿಳಿತವಿರುವ ಎರಡು ಮಾತುಗಳು ಒಟ್ಟಿಗೆ ಬಂದರೆ ಮೊದಲನೆಯದು ಎರಡನೆಯ ಬಗೆಗೆ ತಿರುಗುತ್ತದೆ. ಅವರ ‘ನೀ ಹಾವ್’ ಎಂಬ ನಮಸ್ಕಾರದಲ್ಲೇ ಇದು ಆಗುತ್ತದೆ. ಅದಕ್ಕೆ ವಿದ್ವಾಂಸರು ಇಟ್ಟ ಹೆಸರು ಸ್ವರಭಾರದ ಸಂಧಿ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಅದೊಂದು ಆದೇಶ.

ಹೊರಗಿನವರು ತಮ್ಮ ಆಡುಮಾತುಗಳ ಸಂಧಿಯನ್ನು ಇಷ್ಟು ಎಚ್ಚರದಿಂದ ಬರೆದಿಡುತ್ತಿರುವಾಗ ನಮ್ಮ ತರಗತಿಗಳಲ್ಲಿ ಸಂಧಿ ಇನ್ನೂ ದೇವಾಲಯ, ಸುರೇಂದ್ರ, ಮಹೋತ್ಸವಗಳಲ್ಲೇ ನಿಂತಿದೆ. ಅವು ಬೇಕು. ಆದರೆ ಮಗು ದಿನಾ ಸಂತೆಯಲ್ಲಿ ಕೇಳುವ ಇನ್ನೂರು, ಮುನ್ನೂರು, ಐನೂರುಗಳಲ್ಲಿ ಎರಡು, ಮೂರು, ಐದು ಎಷ್ಟು ಚೆಂದವಾಗಿ ಬದಲಾಗಿವೆ! ‘ಏನ್ಮಾಡ್ಲಿ’, ‘ಬಂದ್ಬಿಟ್ಟ’, ‘ಹೋಗ್ತೇನಿ’ ಎಂಬ ಮಾತುಗಳಲ್ಲಿ ಯಾವ ಸ್ವರ ಹೋಯಿತು, ಯಾವ ವ್ಯಂಜನ ಯಾವುದಕ್ಕೆ ಅಂಟಿತು? ಮೈಸೂರಿನ ಮಗುವಿನ ಬಾಯಲ್ಲಿ ಒಂದು ಬಗೆ, ಧಾರವಾಡದ ಮಗುವಿನಲ್ಲಿ ಇನ್ನೊಂದು, ಕುಂದಾಪುರದ್ದು ಬೇರೆಯೇ. ಕನ್ನಡ ಮೇಷ್ಟರುಗಳು, ಮೇಡಂಗಳು ಒಂದು ತರಗತಿಯನ್ನು ಇದಕ್ಕೆಂದೇ ಇಡಲಿ ಎಂದು ಈ ಬಾನುಲಿಯ ಮೂಲಕ ಕೇಳಿಕೊಳ್ಳುತ್ತೇನೆ. ಮಕ್ಕಳು ತಮ್ಮ ಮನೆಯಲ್ಲಿ, ಬೀದಿಯಲ್ಲಿ ಕೇಳಿದ ಹತ್ತು ಮಾತುಗಳನ್ನು ಕೇಳಿಸಿಕೊಂಡಂತೆಯೇ ಬರೆದು ತರಲಿ. ಅದನ್ನು ಹಲಗೆಯ ಮೇಲೆ ಬರೆದು, ಪೂರ್ವಪದ ಯಾವುದು, ಉತ್ತರಪದ ಯಾವುದು, ನಡುವೆ ಏನಾಯಿತು ಎಂದು ಎಲ್ಲರೂ ಸೇರಿ ಬಿಡಿಸಲಿ.